ಹಿಂದೆ ಅಡಗಿದ್ದ ಕಿಟಕಿ

ಕೃಷ್ಣೆಯ ಎಡದಂಡೆ, ಕೆಳಗಿನ ನೀರುಮೆಟ್ಟಿಲು
ಫೆಬ್ರವರಿ ಮೂವತ್ತು, ೨೨೯೧

ಹೆಸರು ತಿಳಿಯದ ನಿಮಗೆ ನೀಲಗಂಗಾ ಅಂಬಿಗೇರಳ ನಮಸ್ಕಾರ.

ತಾರೀಖು ನೋಡಿ ನೀವು ನಕ್ಕಿರಬಹುದು. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವೇ ಇಲ್ಲ ಎಂಬುದು ನನಗೆ ಗೊತ್ತು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನು ಸಮಮಾಡಿದರು. ಅಂದಿನಿಂದ ಫೆಬ್ರವರಿಯೂ ಉಳಿದವುಗಳ ಸಾಲಿಗೆ ಬಂದು ನಿಂತಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಕಲಿತದ್ದು ಹಳೆಯ ಪತ್ರಿಕೆಗಳಿಂದ, ಮತ್ತು ನೀವು ಬರೆದ ಪ್ರೋಗ್ರಾಮಿನ ಮೆನುಗಳಿಂದ. ಅರ್ಧ ಮಾತು ಸಂಪಾದಕೀಯದಂತೆಯೂ ಇನ್ನರ್ಧ 'ಉಳಿಸು', 'ರದ್ದುಮಾಡು' ಎನ್ನುವ ಗುಂಡಿಗಳಂತೆಯೂ ಇರುತ್ತದೆ ಎಂದು ಮನೆಯವರು ನಗುತ್ತಾರೆ.

ನೀವು ಈಗ ಯಾವುದೋ ಕಚೇರಿಯಲ್ಲಿ ಕುಳಿತು, ನೀರಿನ ಬಾಗಿಲುಗಳನ್ನು ಎತ್ತಿ ಇಳಿಸುವ ಒಂದು ಪ್ರೋಗ್ರಾಂ ಬರೆಯುತ್ತಿದ್ದೀರಿ. ಅದು ಇಷ್ಟು ಕಾಲ ಬಾಳುತ್ತದೆಂದು ನೀವು ಎಣಿಸಿರಲಾರಿರಿ. ಬಾಳಿದೆ. ಅದನ್ನು ಓಡಿಸುವ ಕಂಪ್ಯೂಟರನ್ನು ಎಷ್ಟೋ ಸಲ ಹೊಸದಾಗಿ ಕಟ್ಟಿದ್ದಾರೆ. ಪರದೆ, ಕೀಬೋರ್ಡು, ಮೌಸು ಎಲ್ಲವನ್ನೂ ಹಳೆಯ ಮಾದರಿ ನೋಡಿ ಮತ್ತೆ ಮಾಡಿಸಿದ್ದಾರೆ. ಒಳಗಿನ ಪ್ರೋಗ್ರಾಂ ಮಾತ್ರ ನಿಮ್ಮದೇ. ನಮ್ಮ ಬಾಗಿಲುಗಳು ಅದರ ಮಾತನ್ನಷ್ಟೇ ಕೇಳುತ್ತವೆ.

ನಮ್ಮ ಊರಿನ ಬದುಕೆಲ್ಲ ನದಿಯ ಮೇಲೆ. ನಿಮ್ಮ ಹೆದ್ದಾರಿಗಳ ಮೇಲೆ ಈಗ ನಾವು ಸಜ್ಜೆ, ಮೆಣಸಿನಕಾಯಿ ಒಣಹಾಕುತ್ತೇವೆ. ಸಾಮಾನು, ಮಂದಿ, ಸಂತೆ, ದವಾಖಾನೆ ಎಲ್ಲವೂ ದೋಣಿಯಲ್ಲೇ ಹೋಗುತ್ತವೆ, ಬರುತ್ತವೆ. ನದಿ ತಗ್ಗಿಗೆ ಧುಮುಕುವ ಕಡೆ ದೋಣಿ ಹತ್ತಲಾರದಲ್ಲ, ಅಲ್ಲಿ ಬದಿಗೆ ಒಂದು ಕಾಲುವೆ ತೋಡಿ ಅದರಲ್ಲಿ ಕಲ್ಲಿನ ದೊಡ್ಡ ತೊಟ್ಟಿ ಕಟ್ಟಿದ್ದಾರೆ. ದೋಣಿ ಕೆಳಗಿನ ಬಾಗಿಲಿನಿಂದ ತೊಟ್ಟಿಯೊಳಗೆ ಬಂದು ನಿಲ್ಲುತ್ತದೆ. ಆ ಬಾಗಿಲನ್ನು ಇಳಿಸಿ ಮೇಲಿನಿಂದ ನೀರು ಬಿಟ್ಟರೆ ತೊಟ್ಟಿ ತುಂಬುತ್ತದೆ, ದೋಣಿ ತಾನಾಗಿ ಮೇಲೇರುತ್ತದೆ. ಇದನ್ನೇ ನೀರುಮೆಟ್ಟಿಲು ಎನ್ನುತ್ತೇವೆ. ಮೆಟ್ಟಿಲಿನ ತಲೆಯ ಮೇಲೆ ಗಾಜಿನ ಗೋಡೆಗಳ ಒಂದು ಕೋಣೆಯಿದೆ. ನಿಮ್ಮ ಪ್ರೋಗ್ರಾಂ ಇರುವುದು ಅಲ್ಲಿ. ಅದಕ್ಕೆ ಕಿಟಕಿಮನೆ ಎಂದು ಹೆಸರು. ಗಾಜಿನ ಗೋಡೆಗಳಿಂದಾಗಿ ಬಂದ ಹೆಸರಲ್ಲ ಅದು. ಪರದೆಯ ಮೇಲೆ ಒಂದರ ಮೇಲೊಂದು ತೆರೆದುಕೊಳ್ಳುವ ನಿಮ್ಮ ಕಿಟಕಿಗಳಿಂದ ಬಂದದ್ದು. ನಾನು ಅಲ್ಲಿನ ಕಿಟಕಿಗಾರ್ತಿ.

ಈ ಕೆಲಸ ಅಪರೂಪದ್ದು ಎಂದರೆ ನಿಮಗೆ ಆಶ್ಚರ್ಯವಾದೀತು. ನಿಮ್ಮಲ್ಲಿ ಒಬ್ಬೊಬ್ಬರೂ ದಿನವಿಡೀ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುತ್ತೀರಂತೆ. ಲೆಕ್ಕ ಬರೆಯುತ್ತ ಪತ್ರ ಓದುತ್ತೀರಿ, ಪತ್ರ ಓದುತ್ತ ಹಾಡು ಬದಲಿಸುತ್ತೀರಿ. ನಮ್ಮ ಜನಕ್ಕೆ ಆ ರೂಢಿ ಇಲ್ಲ. ಎಲ್ಲರ ಕೈಯಲ್ಲೂ ಒಂಟಿನೋಟ ಎಂಬ ತೆಳ್ಳನೆಯ ಹಾಳೆ ಇರುತ್ತದೆ. ಅದು ಒಂದು ಹೊತ್ತಿಗೆ ಒಂದನ್ನೇ ತೋರಿಸುತ್ತದೆ, ಮತ್ತು ಆ ಒಂದು ಯಾವುದಿರಬೇಕೆಂದು ತಾನೇ ಗೊತ್ತುಮಾಡುತ್ತದೆ. ಹಸಿವಾದಾಗ ಅಡುಗೆ, ಹೊರಟಾಗ ದಾರಿ, ಕೆಲಸದ ಹೊತ್ತಿಗೆ ಕೆಲಸ. ನೆಮ್ಮದಿಯ ವಸ್ತು, ನಾನೂ ಬಳಸುತ್ತೇನೆ. ಆದರೆ ಅದನ್ನೇ ನೋಡಿ ಬೆಳೆದವರಿಗೆ, ಎದುರಿಗೆ ಕಾಣುವುದರ ಹಿಂದೆ ಇನ್ನೊಂದು ಇರಬಹುದು ಎಂಬ ಯೋಚನೆಯೇ ಬರುವುದಿಲ್ಲ. ಕಿಟಕಿಯಿಂದ ಕಿಟಕಿಗೆ ಹೋಗುವುದಕ್ಕೆ ನಾವು ದಾಟುವುದು ಎನ್ನುತ್ತೇವೆ. ಆಲ್ಟ್ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು ಟ್ಯಾಬ್ ಕೀಲಿಯನ್ನು ತಟ್ಟುವುದನ್ನು ನಾನು ಕಲಿಯುವಾಗ ನನ್ನ ಗೆಳತಿಯರು ಗುಂಪುಗಟ್ಟಿ ನೋಡುತ್ತಿದ್ದರು, ವೀಣೆ ಕಲಿಯುವವಳನ್ನು ನೋಡಿದ ಹಾಗೆ.

ಕಳೆದ ಶ್ರಾವಣದಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು. ಪತ್ರ ಬರೆಯಲು ಕೂತದ್ದೇ ಅದಕ್ಕೆ.

ನಮ್ಮ ಮೆಟ್ಟಿಲಿನ ಹಿರಿಯರು ಈರಸಂಗಪ್ಪ ಕಾಕಾ. ನದಿಯ ಬಣ್ಣ ನೋಡಿ ಎಷ್ಟು ದೂರದಲ್ಲಿ ಮಳೆಯಾಗಿದೆ ಎಂದು ಹೇಳಬಲ್ಲವರು, ಓದಿದವರು, ತೂಕವಾಗಿ ಮಾತಾಡುವವರು. ಇನ್ನೊಬ್ಬಳು ಕಸ್ತೂರಿ, ನನ್ನ ಓರಗೆಯವಳು. ಉಸಿರುಚೀಲ ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿದು ಬಾಗಿಲುಗಳಡಿ ಸಿಕ್ಕುವ ಕಸ ತೆಗೆಯುವುದು ಅವಳ ಕೆಲಸ. ನೀರಿನ ಮೇಲೆ ತೇಲುವ ಕಳೆ ಅಂತರಗಂಗೆಯ ಬೇರು ನಮ್ಮ ದೊಡ್ಡ ಶತ್ರು. ಬಾಗಿಲಿನ ಕೆಳಗೆ ಹಗ್ಗದಂತೆ ಹೊಸೆದುಕೊಂಡು ಕೂತರೆ ಬಾಗಿಲು ತಳ ಮುಟ್ಟುವುದಿಲ್ಲ.

ಆ ದಿನ ಮುಂಜಾನೆ ಕಸ್ತೂರಿ, ದೋಣಿ ದಾಟಿದ ಮೇಲೆ ಕೆಳಬಾಗಿಲಿನ ಕಸ ತೆಗೆಯುತ್ತೇನೆ ಎಂದು ಕಾಕಾನಿಗೆ ಹೇಳಿ ಹೋಗಿದ್ದಳು. ಬಿಸಿಲೇರುವ ಹೊತ್ತಿಗೆ ದೋಣಿ ಬಂತು. ಮದುವೆಯ ಜವಳಿ ತೆಗೆದುಕೊಂಡು ಹಿಂತಿರುಗುತ್ತಿದ್ದ ಒಂದು ದೊಡ್ಡ ಮನೆಯ ಮಂದಿ ಅದರಲ್ಲಿ ತುಂಬಿದ್ದರು. ದೋಣಿ ತೊಟ್ಟಿಯೊಳಗೆ ನಿಂತಿತು. ನಾನು ಬಾಗಿಲು ಇಳಿಸಿದೆ. ಅದು ತಳಕ್ಕೆ ಇನ್ನು ಮೊಳದಷ್ಟಿರುವಾಗ ನಿಂತುಬಿಟ್ಟಿತು. ಕೆಳಗಿದ್ದ ಕಸ್ತೂರಿ ಇದನ್ನು ಕಂಡು, ಹೇಗೂ ಬಾಗಿಲು ನಿಂತಿದೆಯಲ್ಲ, ಈಗಲೇ ಬೇರು ಕತ್ತರಿಸಿದರಾಯಿತು ಎಂದುಕೊಂಡಳು. ದೋಣಿ ನಡೆಸುವ ಯಮನಪ್ಪನಿಗೆ, ಮೇಲಿನವರಿಗೆ ತಿಳಿಸು ಎಂದಳು. ಯಮನಪ್ಪ ಮೇಲೆ ನೋಡಿ ಕೂಗಿದ. ಕಿಟಕಿಮನೆಯ ಅಟ್ಟಣೆಯಲ್ಲಿ ನಿಂತಿದ್ದ ಈರಸಂಗಪ್ಪ ಕಾಕಾ, ಎಂದಿನಂತೆ ನಮಸ್ಕಾರ ಹೇಳುತ್ತಿದ್ದಾನೆ ಎಂದುಕೊಂಡು ಕೈಬೀಸಿದರು. ನೀರಿನ ಸದ್ದಿನಲ್ಲಿ ಮಾತು ಮೇಲಕ್ಕೆ ಏರಿಯೇ ಇರಲಿಲ್ಲ. ಕಾಕಾ ಒಪ್ಪಿದರು ಎಂದು ಯಮನಪ್ಪ ಹೇಳಿದ ಮೇಲೆ ಕಸ್ತೂರಿ ನೀರಿಗಿಳಿದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಷ್ಟರಲ್ಲಿ ಮೇಲಿನ ಅಣೆಕಟ್ಟಿನಿಂದ ಸುದ್ದಿ ಬಂತು: ಘಟ್ಟದಲ್ಲಿ ಮಳೆ ಜೋರಾಗಿದೆ, ನೀರು ಬಿಟ್ಟಿದ್ದೇವೆ. ಆ ನೀರು ನದಿಯ ದೊಡ್ಡ ಪಾತ್ರದಲ್ಲಿ ಹರಿದು, ಸುತ್ತಿಕೊಂಡು, ನಮ್ಮ ಮೆಟ್ಟಿಲಿನ ಕೆಳಮಗ್ಗುಲಿಗೆ ಬಂದು ಬಡಿಯುತ್ತದೆ. ಬಾಗಿಲು ಪೂರ್ತಿ ಇಳಿದಿದ್ದರೆ ಭಯವಿಲ್ಲ. ಅಡಿಯಲ್ಲಿ ಸಂದಿ ಉಳಿದರೆ ಅಲ್ಲಿಂದಲೇ ನುಗ್ಗಿ ತೊಟ್ಟಿಯೊಳಗಿನ ದೋಣಿಯನ್ನು ಕಲ್ಲುಗೋಡೆಗೆ ಅಪ್ಪಳಿಸುತ್ತದೆ.

ನಾನು ಬಾಗಿಲು ಇಳಿಸುವ ಗುಂಡಿಯನ್ನು ಮತ್ತೆ ಒತ್ತಿದೆ. ಪ್ರೋಗ್ರಾಂ ಟುಂಯ್ ಎಂದಿತು, ಅಲುಗಾಡಲಿಲ್ಲ. ಇನ್ನೊಂದು ಗುಂಡಿ ಒತ್ತಿದೆ. ಟುಂಯ್. ಮೆನು ತೆರೆಯಲಿಲ್ಲ, ಮುಚ್ಚಲೂ ಬರಲಿಲ್ಲ. ಪರದೆ ತುಂಬ ಬಾಗಿಲುಗಳ ಚಿತ್ರವಿದ್ದ ದೊಡ್ಡ ಕಿಟಕಿ ಕಲ್ಲಿನಂತೆ ಕೂತಿತ್ತು. ಕಾಕಾ ನನ್ನ ಹಿಂದೆ ಬಂದು ನಿಂತರು.

"ಯಾಕ ನೀಲವ್ವಾ, ಅಲ್ಲಾಡವಲ್ದು?"

"ಏನ್ ಒತ್ತಿದ್ರೂ ಬರೇ ಟುಂಯ್ ಅಂತೈತಿ ಕಾಕಾ."

"ಹಂಗಾದ್ರ ಸತ್ತೈತದು. ಸರಿ ಬಿಡು, ಕರೆಂಟ್ ತಗೀತೀನಿ. ಬಾಗಲಾ ತನ್ನ ಭಾರಕ್ಕ ತಾನ ಬೀಳ್ತೈತಿ. ಕಸ ಇದ್ರೂ ಕತ್ತರಿಸ್ಕೊಂಡ ಇಳೀತೈತಿ."

ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಬಾಗಿಲನ್ನು ಎತ್ತಿ ಹಿಡಿಯುವುದೇ ಕರೆಂಟು. ತೆಗೆದರೆ ಆ ಕಬ್ಬಿಣದ ಹಲಗೆ ಆನೆ ಕೂತಂತೆ ಕೂರುತ್ತದೆ. ದೋಣಿಯಲ್ಲಿ ಅಷ್ಟು ಜನರಿದ್ದಾರೆ, ನದಿ ಬರುತ್ತಿದೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಮೇಲೆ ಅವರು ಕೈ ಇಟ್ಟಿದ್ದರು.

ಆದರೆ ನನಗೆ ಆ ಟುಂಯ್ ಸದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು.

"ತಡೀರಿ ಕಾಕಾ. ಸತ್ತದ್ದು ಸಪ್ಪಳ ಮಾಡೂದಿಲ್ಲ. ಇದು ಏನೋ ಕೇಳಾಕತ್ತೈತಿ, ನಮಗ ಕಾಣವಲ್ದು."

"ಕಾಣದ್ದನ್ನ ಹುಡುಕ್ಕೋಂತ ಕುಂತ್ರ ಆ ಮಂದಿ ಗತಿ ಏನ?"

"ಒಂದ ಸಲ ದಾಟಿ ನೋಡ್ತೀನಿ. ನಿಮ್ಮ ಕೈ ಅಲ್ಲೇ ಇರಲಿ."

ಆಲ್ಟ್ ಒತ್ತಿಹಿಡಿದು ಟ್ಯಾಬ್ ತಟ್ಟಿದೆ. ತೆರೆದಿರುವ ಕಿಟಕಿಗಳೆಲ್ಲ ಪುಟ್ಟ ಪುಟ್ಟ ಚಿತ್ರಗಳಾಗಿ ಪರದೆಯ ನಡುವೆ ಸಾಲಾಗಿ ನಿಂತವು. ಬಾಗಿಲುಗಳದ್ದು, ನೀರಿನ ಮಟ್ಟದ್ದು, ಕ್ಯಾಮೆರಾದ್ದು, ದೋಣಿಗಳ ಪಾಳಿಯದ್ದು. ಇವು ದಿನವೂ ನೋಡುವ ಮುಖಗಳು. ಆ ಸಾಲಿನ ಕೊನೆಯಲ್ಲಿ, ಚೌಕವಾದ ಚಿಕ್ಕದೊಂದು ಕಿಟಕಿ. ಅದನ್ನು ನಾನು ಎಂದೂ ಕಂಡಿರಲಿಲ್ಲ. ಟ್ಯಾಬ್ ತಟ್ಟುತ್ತ ಅಲ್ಲಿಯವರೆಗೆ ಹೋಗಿ ಕೈಬಿಟ್ಟೆ. ದೊಡ್ಡ ಕಿಟಕಿಯ ಬೆನ್ನ ಹಿಂದೆ ಅಡಗಿದ್ದ ಅದು ಮುಂದೆ ಬಂದು ನಿಂತಿತು.

ಅದರಲ್ಲಿ ನೀವು ಬರೆದದ್ದು ಇಷ್ಟು: 'ಕೆಳಬಾಗಿಲಿನ ಮಾಪಕದಿಂದ ಉತ್ತರವಿಲ್ಲ. ಬಾಗಿಲಿನ ಅಡಿಯಲ್ಲಿ ಯಾರೂ ಇಲ್ಲವೆಂದು ಕಣ್ಣಾರೆ ನೋಡಿದ್ದೀರಾ?' ಕೆಳಗೆ ಎರಡು ಗುಂಡಿ, ಹೌದು, ಇಲ್ಲ. ಬಾಗಿಲಿನಡಿ ಏನಾದರೂ ಅಡ್ಡವಿದ್ದರೆ ತಿಳಿಸುವುದೇ ಆ ಮಾಪಕದ ಕೆಲಸ.

ನಾನು ಗಟ್ಟಿಯಾಗಿ ಓದಿದೆ. ಕಾಕಾನ ಮುಖ ಹಗುರಾಯಿತು.

"ಅಷ್ಟ ಹೌದಿಲ್ಲೋ? ಹೌದು ಅಂತ ಒತ್ತು. ಬಾಗಲಾ ಇಳೀಲಿ."

"ನೀವು ನೋಡೀರೇನು?"

"ನೋಡೂದೇನೈತಿ? ಕಸ್ತೂರಿ ದೋಣಿ ಹ್ವಾದಮ್ಯಾಲ ಇಳೀತೀನಿ ಅಂದಾಳ. ಅಕಿನ್ನ ಬಿಟ್ರ ಅಲ್ಲಿ ಯಾರ ಹೊಕ್ಕಾರ?"

ನಿಜ ಹೇಳುತ್ತೇನೆ, ನನ್ನ ಬೆರಳು ಹೌದು ಎಂಬುದರ ಮೇಲೇ ಇತ್ತು. ಒತ್ತಿದ್ದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆದರೂ ಆ 'ಕಣ್ಣಾರೆ' ಎಂಬ ಮಾತು ನನ್ನನ್ನು ತಡೆಯಿತು. ನೀವು ಬರಿದೇ 'ಯಾರೂ ಇಲ್ಲವೇ?' ಎಂದು ಕೇಳಿದ್ದರೆ ನಾನು ಒತ್ತಿಬಿಡುತ್ತಿದ್ದೆ.

"ಇದು ನಮಗ ಗೊತ್ತೈತೋ ಇಲ್ಲೋ ಅಂತ ಕೇಳಿಲ್ಲ ಕಾಕಾ. ನೋಡೀರೇನು ಅಂತ ಕೇಳೈತಿ. ನಾ ನೋಡಿಲ್ಲ. ನೀವೂ ನೋಡಿಲ್ಲ."

ಕಾಕಾ ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಸ್ವಿಚ್ಚಿನ ಮೇಲಿಂದ ಕೈ ತೆಗೆದು, ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, "ನಾ ಹೋಗಿ ನೋಡ್ತೀನಿ. ನೀ ಇಲ್ಲಿಂದ ಏಳಬ್ಯಾಡ," ಎಂದು ಹೊರಟೇಹೋದರು. ಆ ವಯಸ್ಸಿನಲ್ಲಿ ಆ ಕಡಿದಾದ ಮೆಟ್ಟಿಲುಗಳನ್ನು ಅವರು ಓಡುತ್ತ ಇಳಿದದ್ದನ್ನು ಗಾಜಿನಿಂದ ನೋಡಿದೆ. ಆಮೇಲೆ ಗೋಡೆಯ ಹಿಂದೆ ಮರೆಯಾದರು.

ನಾನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ, ತಪ್ಪಿಯೂ ಒತ್ತಬಾರದೆಂದು. ಕೀಲಿಗಳನ್ನಷ್ಟೇ ಬಳಸಿ ಕ್ಯಾಮೆರಾದ ಕಿಟಕಿಗೆ ದಾಟಿದೆ. ನೀರೆಲ್ಲ ಕೆಂಪು ರಾಡಿ, ಏನೂ ಕಾಣಲಿಲ್ಲ. ನೀರಿನ ಮಟ್ಟದ ಕಿಟಕಿಗೆ ದಾಟಿದೆ. ಕೆಳಮಗ್ಗುಲಿನ ಗೆರೆ ಮೆಲ್ಲಗೆ ತಲೆಯೆತ್ತುತ್ತಿತ್ತು. ಮತ್ತೆ ನಿಮ್ಮ ಪ್ರಶ್ನೆಗೆ ಬಂದೆ. ಅದು ಹಾಗೆಯೇ ಕಾಯುತ್ತಿತ್ತು. ಮತ್ತೆ ಮಟ್ಟಕ್ಕೆ, ಮತ್ತೆ ಪ್ರಶ್ನೆಗೆ. ನದಿಯನ್ನೂ ಪ್ರಶ್ನೆಯನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಂಡು ಕೂತಿದ್ದೆ. ಹೆದರಿಕೆ ಇತ್ತು. ಆದರೂ ಮಾಡಬೇಕಾದ್ದನ್ನೇ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು.

ಕೆಳಗೆ ಹೋದ ಕಾಕಾನಿಗೆ ಮೊದಲು ಕಂಡದ್ದು ಕೊನೆಯ ಮೆಟ್ಟಿಲಿನ ಮೇಲೆ ಬಿಟ್ಟಿದ್ದ ಚಪ್ಪಲಿ. ಪಕ್ಕದಲ್ಲಿ ಕಸ್ತೂರಿಯ ರೊಟ್ಟಿಯ ಗಂಟು. ಆಮೇಲೆ ಬಾಗಿಲಿನ ಬುಡದಲ್ಲಿ ರಾಡಿ ನೀರಿನ ಮೇಲೆ ಏಳುತ್ತಿದ್ದ ಗುಳ್ಳೆಗಳು. ಅವರು ಕೂಗಲಿಲ್ಲ, ನೀರಿನೊಳಗಿದ್ದವರಿಗೆ ಕೂಗು ಕೇಳಿಸುವುದಿಲ್ಲ. ಕಲ್ಲೊಂದನ್ನು ಎತ್ತಿಕೊಂಡು, ಸೊಂಟದ ಮಟ್ಟದ ನೀರಿಗಿಳಿದು, ಕಬ್ಬಿಣದ ಹಳಿಯ ಮೇಲೆ ಒಂದೇ ಸಮನೆ ಬಡಿದರು. ಆ ಸದ್ದು ನನಗೂ ಕೇಳಿಸಿತು. ಹಾಗೆ ಬಡಿಯುವುದು ಒಳಗಿರುವವರನ್ನು ಹೊರಗೆ ಕರೆಯುವುದಕ್ಕೆ ಮಾತ್ರ.

ಕಸ್ತೂರಿ ತಲೆಯ ಮೇಲೆ ಅಂತರಗಂಗೆಯ ಬೇರು ಜೋತುಬಿಟ್ಟುಕೊಂಡು ಮೇಲೆದ್ದಳು. ಉಸಿರುಚೀಲದ ಬಾಯಿ ಕಿತ್ತು ಮೊದಲು ಬೈದಳಂತೆ.

"ಏನ್ ಕಾಕಾ, ಇನ್ನ ಮುಗಿದಿಲ್ಲ ನಂದು! ನೀವ ಕೈ ಮಾಡಿ ಹೂಂ ಅಂದ್ರಿ ಅಂತ ಯಮನಪ್ಪ ಅಂದ. ಈಗ ಯಾಕ ಕರೀತೀರಿ?"

"ಹೊರಗ ಬಾ ಮೊದ್ಲ. ನದಿ ಬರಾಕತ್ತೈತಿ."

"ಬಾಗಲಾ ಇಳಸಬ್ಯಾಡ್ರಿ ಮತ್ತ. ಮಾಪಕದ ತಂತಿಗೆ ಬೇರ ಸುತ್ಕೊಂಡಿತ್ತು, ಬಿಚ್ಚಿಟ್ಟೀನಿ."

ಕಾಕಾ ಅವಳ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡರು. ತೊಟ್ಟಿಯ ಅಂಚಿಗೆ ಬಂದು, ನನಗೆ ಕಾಣುವಂತೆ ಅವಳನ್ನು ಮುಂದೆ ನಿಲ್ಲಿಸಿ, ಎರಡೂ ಕೈ ಎತ್ತಿದರು. ಕಸ್ತೂರಿಯನ್ನು ಕಂಡೆ, ನೀರು ಸುರಿಯುತ್ತ ನಿಂತಿದ್ದಳು. ಈಗ ಹೌದು ಎಂಬುದನ್ನು ಒತ್ತಿದೆ.

ಬಾಗಿಲು ಇಳಿಯಿತು. ಉಳಿದಿದ್ದ ಬೇರುಗಳನ್ನು ಕತ್ತರಿಸಿಕೊಂಡು ಅದು ತಳಕ್ಕೆ ಕೂತಾಗ ಕಿಟಕಿಮನೆಯ ಗಾಜುಗಳು ಅದುರಿದವು. ಮೇಲಿನ ನೀರು ಬಿಟ್ಟೆ, ದೋಣಿ ಏರತೊಡಗಿತು. ಅದು ಅರ್ಧ ಏರುವಷ್ಟರಲ್ಲಿ ನದಿ ಬಂತು. ಮುಚ್ಚಿದ ಬಾಗಿಲಿಗೆ ಹೊಡೆದು, ನೊರೆ ಕಾರಿ, ಬದಿಗೆ ಹೊರಳಿಕೊಂಡು ಹೋಯಿತು. ಜವಳಿಯ ಮನೆಯವರಿಗೆ ಇದಾವುದೂ ಗೊತ್ತಾಗಲಿಲ್ಲ. ಮೇಲೆ ಬಂದು ದೋಣಿ ಕಟ್ಟಿದಾಗ, ಸೀರೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯೊಬ್ಬರು, "ನಿಮ್ಮ ಮೆಟ್ಟಲದಾಗ ಯಾವಾಗ್ಲೂ ಇಷ್ಟ ತಡಾ ನೋಡವಾ," ಎಂದು ನನ್ನನ್ನು ಗದರಿಸಿ ಹೋದರು. ಅಷ್ಟು ಹಿತವಾದ ಬೈಗುಳವನ್ನು ನಾನು ಕೇಳಿಲ್ಲ.

ಕಸ್ತೂರಿ ಬಟ್ಟೆ ಬದಲಿಸಿ ಕಿಟಕಿಮನೆಗೆ ಬಂದಳು. ಅಷ್ಟು ಹೊತ್ತಿಗೆ ಕಾಕಾ ಅವಳಿಗೆ ಎಲ್ಲ ಹೇಳಿದ್ದರು, ಸ್ವಿಚ್ಚಿನ ಮೇಲೆ ತಮ್ಮ ಕೈ ಇದ್ದದ್ದನ್ನೂ ಸೇರಿಸಿ. ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ನಾನು ಅವಳ ತಲೆ ಒರೆಸಿದೆ.

"ಏನಂತ ಕೇಳಿತ್ತದು? ಮತ್ತೊಮ್ಮೆ ಹೇಳ," ಎಂದಳು.

ಹೇಳಿದೆ.

"ಯಾರ ಬರದದ್ದ ಅದನ್ನ?"

ಆ ಸಂಜೆ ಪ್ರೋಗ್ರಾಮಿನ ಎಲ್ಲ ಕಿಟಕಿಗಳನ್ನೂ ದಾಟಿ ದಾಟಿ ಹುಡುಕಿದೆವು, ಇಬ್ಬರೂ. ಎಲ್ಲಿಯೂ ನಿಮ್ಮ ಹೆಸರು ಸಿಗಲಿಲ್ಲ. ಬರೆದವರು ಗಂಡಸೋ ಹೆಂಗಸೋ, ಯಾವ ಊರಿನವರೋ ತಿಳಿಯದು. ಹೀಗಾಗಿ ಈ ಪತ್ರಕ್ಕೆ ವಿಳಾಸವಿಲ್ಲ. ಕಾಲದ ಹಿಂದಕ್ಕೆ ಮಾತು ಕಳಿಸುವ ವಿದ್ಯೆ ಬಲ್ಲವರು ಮೇಲಿನ ಊರಿನಲ್ಲಿದ್ದಾರೆ. ಆ ಪ್ರೋಗ್ರಾಂ ಎಲ್ಲಿ ಬರೆಯಲ್ಪಡುತ್ತಿದೆಯೋ ಅಲ್ಲಿಗೆ ಮುಟ್ಟಿಸುತ್ತೇವೆ ಎಂದಿದ್ದಾರೆ. ನಾನು ನಂಬಿದ್ದೇನೆ.

ಆ ತಿಂಗಳೇ ದಂಡೆಸಭೆ ಕೂಡುವುದಿತ್ತು. ನದಿದಂಡೆಯ ಊರುಗಳೆಲ್ಲ ಸೇರಿ ತೀರ್ಮಾನ ಮಾಡುವ ಜಾಗ ಅದು. ನಿಮ್ಮ ಪ್ರೋಗ್ರಾಮನ್ನು ತೆಗೆದು, ಬಾಗಿಲುಗಳನ್ನೂ ಬದಲಿಸಿ, ಎಲ್ಲ ಮೆಟ್ಟಿಲುಗಳಿಗೆ ಒಂಟಿನೋಟ ಕೂರಿಸಬೇಕೆಂಬ ಮಾತು ವರ್ಷಗಳಿಂದ ನಡೆದಿತ್ತು. ಅದನ್ನು ಎಲ್ಲರಿಗಿಂತ ಮೊದಲು ಎತ್ತಿದವರೇ ಈರಸಂಗಪ್ಪ ಕಾಕಾ. ಅವರ ವಾದದಲ್ಲಿ ಹುರುಳಿತ್ತು: ಕಿಟಕಿಗಾರರು ಸಿಗುವುದಿಲ್ಲ, ಕಲಿಯುವವರಿಲ್ಲ, ಒಂದು ದಿನ ಎಲ್ಲ ನಿಂತುಹೋಗುತ್ತದೆ. ಸಭೆಯಲ್ಲಿ ಅವರು ಎದ್ದು ನಿಂತಾಗ ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಅವರು ಹೇಳಿದ್ದು ಬೇರೆ.

"ಒಂಟಿನೋಟ ನನಗ ಏನ ಬೇಕೋ ಅಷ್ಟ ತೋರಸ್ತೈತಿ. ಆವತ್ತ ನನಗ ಬೇಕಾಗಿದ್ದು ಬಾಗಲಾ ಇಳೀಬೇಕು ಅಂತ. ಅದನ್ನ ತೋರಿಸಿದ್ರ ನಾ ಇಳಸ್ತಿದ್ದೆ, ಹುಡಿಗಿ ಹೋಗ್ತಿದ್ಲು. ನನಗ ಬ್ಯಾಡಾಗಿದ್ದನ್ನ ಕೇಳೂ ಯಂತ್ರ ಇರಲಿ. ಕಲಿಯವ್ರ ಇಲ್ಲಂದ್ರ ನಾ ಮೊದ್ಲ ಕಲೀತೀನಿ."

ಕಲಿತರು. ಆ ಮುದಿ ಹೆಬ್ಬೆರಳು ಆಲ್ಟ್ ಮೇಲೆ ನಿಲ್ಲದೆ ಜಾರಿ ಜಾರಿ ಅವರು ಬೆವರಿದ್ದನ್ನು ನೋಡಿ ಕಸ್ತೂರಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವಳೂ ಕಲಿತಳು. ಈಗ ಮೇಲಿನ ಕೆಳಗಿನ ಮೆಟ್ಟಿಲುಗಳವರೆಲ್ಲ ನನ್ನಲ್ಲಿಗೆ ಬರುತ್ತಾರೆ. ಮೊದಲ ಪಾಠದಲ್ಲಿ ನಾನು ಬಾಗಿಲಿನ ಮಾತೇ ಎತ್ತುವುದಿಲ್ಲ. ಎದುರಿನ ಕಿಟಕಿ ತೋರಿಸಿ, ಇದರ ಹಿಂದೆ ಏನಿದೆ ನೋಡಿ ಎನ್ನುತ್ತೇನೆ. ಮೊದಲ ಸಲ ದಾಟಿ ಹಿಂದಿನದು ಮುಂದೆ ಬಂದಾಗ ಅವರ ಮುಖದಲ್ಲಿ ಮೂಡುವುದನ್ನು ನೀವು ನೋಡಬೇಕಿತ್ತು. ದಂಡೆಸಭೆ ನಿಮ್ಮ ಪ್ರೋಗ್ರಾಮನ್ನು ಉಳಿಸಿಕೊಂಡಿದೆ, ಕಿಟಕಿಗಾರಿಕೆಯನ್ನು ಶಾಲೆಯಲ್ಲಿ ಸೇರಿಸಿದೆ. ಇದು ನಿಲ್ಲುವುದಿಲ್ಲ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇನ್ನು ನನ್ನ ಕೋರಿಕೆ. ನಿಮ್ಮ ಕಚೇರಿಯಲ್ಲಿ ಯಾರೋ ಒಬ್ಬರು, ಈ ಪ್ರಶ್ನೆ ಯಾಕೆ, ಎಲ್ಲರೂ ಓದದೆ ಹೌದು ಎಂದೇ ಒತ್ತುತ್ತಾರೆ, ತೆಗೆದುಬಿಡಿ ಎಂದು ಹೇಳಿಯೇ ಹೇಳುತ್ತಾರೆ. ತೆಗೆಯಬೇಡಿ. ಒಂದು ಅಕ್ಷರವನ್ನೂ ಬದಲಿಸಬೇಡಿ. ಆದರೆ ಆ ಕಿಟಕಿ ದೊಡ್ಡದರ ಹಿಂದೆ ಹೋಗಿ ಅಡಗುತ್ತದಲ್ಲ, ಅದನ್ನು ಮಾತ್ರ ಸರಿಪಡಿಸಿ. ನೀವು ಹಾಗೆ ಮಾಡಿದರೆ ನಾನು ಬರೆದ ಈ ಕಥೆಯೇ ನಡೆಯದೆ ಹೋಗಬಹುದು, ಕಾಕಾ ಎಂದೂ ಆಲ್ಟ್ ಒತ್ತದೆ ಇರಬಹುದು. ಇರಲಿ. ನನ್ನ ಕಥೆಗಿಂತ ಕಸ್ತೂರಿ ದೊಡ್ಡವಳು. ಪ್ರಶ್ನೆಯನ್ನು ಎಲ್ಲಕ್ಕಿಂತ ಮುಂದೆ ತಂದು ನಿಲ್ಲಿಸಿ. ಸರಿಯಾದ ಉತ್ತರ ಕೊಡುವುದು ನಮ್ಮ ಹೊಣೆ.

ನಿಮ್ಮ ಕೆಲಸ ಚೆನ್ನಾಗಿ ಸಾಗಲಿ.

ನೀಲಗಂಗಾ ಅಂಬಿಗೇರ
ಕಿಟಕಿಗಾರ್ತಿ